ನೆಟ್ ಇಲ್ಲ ಅಂತ ನೆಟ್‌ನಲ್ಲೇ ಬರೆದುಕೊಡಿ

ನಮ್ಮ ಕೋಲಾರದಲ್ಲಿ ನೀರಿನ ವಿಷಯಕ್ಕೆ ತಮಾಷೆ ಮಾಡೋಕೆ ಧೈರ್ಯ ಬೇಕು. ಸಾವಿರ ಅಡಿ ಕೊರೆಸಿ, ಬಂದ ಒಂದಿಂಚು ನೀರನ್ನು ಬಾಟಲಿಗೆ ತುಂಬಿಕೊಂಡು, ಇದನ್ನು ಕುಡಿಯಬಹುದಾ ಅಂತ ಕೇಳೋಕೆ ಲ್ಯಾಬಿಗೆ ಹೋಗುವ ಜನ ನಾವು. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಸರಿ. ಬೇರೆ ನೀರೇ ಇಲ್ಲ ಅಂದರೆ 1.5ರ ತನಕ ಒಪ್ಪಿಕೊಳ್ಳಬಹುದು. ಅದರ ಮೇಲೆ ಹೋದರೆ ಮೊದಲು ಮಕ್ಕಳ ಹಲ್ಲು ಹೇಳುತ್ತದೆ, ಆಮೇಲೆ ದೊಡ್ಡವರ ಮಂಡಿ ಹೇಳುತ್ತದೆ. ಈ ಒಂದು, ಒಂದೂವರೆ ಮಧ್ಯದ ಅರ್ಧ ಮಿಲಿಗ್ರಾಂ ಹಿಡಿಯೋಕೆ ಒಂದು ಮೆಷಿನ್ ಇದೆ. ಅದರ ಪಕ್ಕದಲ್ಲಿ ಕೂತಿರುವ ಕಂಪ್ಯೂಟರ್ ಕಥೆ ಇದು.

ನಾನು ಕಂಪ್ಯೂಟರ್ ರಿಪೇರಿಯವನು. ಲ್ಯಾಬ್ ಯಾವುದು ಅಂತ ಹೇಳಲ್ಲ, ಯಾಕಂದ್ರೆ ಅಲ್ಲಿ ನನ್ನದೊಂದು ಬಿಲ್ ಇನ್ನೂ ಪಾಸ್ ಆಗಬೇಕು.

ಮೆಷಿನ್ ಪೂರ್ತಿ ಹೆಸರು ಸ್ಪೆಕ್ಟ್ರೋಫೋಟೋಮೀಟರ್, ಅಲ್ಲಿ ಎಲ್ಲರ ಬಾಯಲ್ಲೂ ಬರೀ ಸ್ಪೆಕ್ಟ್ರೋ. ನೀರಿಗೆ ಒಂದು ಕೆಂಪು ದ್ರಾವಣ ಹಾಕುತ್ತಾರೆ. ಫ್ಲೋರೈಡ್ ಜಾಸ್ತಿ ಇದ್ದಷ್ಟೂ ಕೆಂಪು ತೆಳುವಾಗುತ್ತದೆ. ಮೆಷಿನ್ 570 ನ್ಯಾನೋಮೀಟರಿನ ಬೆಳಕು ಹಾಯಿಸಿ, ಎಷ್ಟು ತೆಳುವಾಯಿತು ಅಂತ ನೋಡಿ, ಪಕ್ಕದ ಕಂಪ್ಯೂಟರಿಗೆ ಹೇಳುತ್ತದೆ. ಆ ಕಂಪ್ಯೂಟರಲ್ಲಿ ವಿಂಡೋಸ್ ಎಕ್ಸ್‌ಪಿ. ಹೌದು, ಅದೇ, ಹಸಿರು ಗುಡ್ಡ ನೀಲಿ ಆಕಾಶದ್ದು. ಏಪ್ರಿಲ್ ತಿಂಗಳಲ್ಲಿ ಕೋಲಾರದಲ್ಲಿ ಅಷ್ಟು ಹಸಿರು ಕಾಣಬೇಕು ಅಂದರೆ ಆ ಪರದೆಯನ್ನೇ ನೋಡಬೇಕು. 2001ರಲ್ಲಿ ಹುಟ್ಟಿದ ಎಕ್ಸ್‌ಪಿಗೆ 2014ರ ಏಪ್ರಿಲ್ 8ಕ್ಕೆ, ಇನ್ನು ಬೆಂಬಲ ಇಲ್ಲ, ತೂತು ಬಿದ್ದರೆ ಮುಚ್ಚಿಕೊಡಲ್ಲ ಅಂತ ಮೈಕ್ರೋಸಾಫ್ಟ್ ಕೈ ತೊಳೆದುಕೊಂಡಿತು. ಆಮೇಲೆ ಬಂದ ವಿಂಡೋಸ್ 7ಕ್ಕೂ 2020ರ ಜನವರಿಯಲ್ಲಿ ಎಳ್ಳುನೀರು ಬಿಟ್ಟಾಯಿತು. 2025ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ರ ಸರದಿಯೂ ಮುಗಿಯಿತು. ಮೊಮ್ಮಕ್ಕಳೆಲ್ಲ ಹೋದರು, ತಾತ ಮಾತ್ರ ಮಾನಿಟರ್ ಹಣೆಗೆ ಆಯುಧಪೂಜೆಯ ಕುಂಕುಮ ಇಟ್ಟುಕೊಂಡು ಇನ್ನೂ ಡ್ಯೂಟಿ ಮಾಡುತ್ತಿದ್ದಾನೆ.

ಹೀಗಿರುವಾಗ ಒಂದು ಶುಕ್ರವಾರ ಸಾಯಂಕಾಲ ಸುತ್ತೋಲೆ ಬಂತು. ಸುತ್ತೋಲೆಗಳು ಯಾವಾಗಲೂ ಶುಕ್ರವಾರ ಸಾಯಂಕಾಲವೇ ಬರುತ್ತವೆ, ಸೋಮವಾರ ಬೆಳಗ್ಗೆ ಹತ್ತಕ್ಕೆ ಉತ್ತರ ಕೇಳುತ್ತವೆ. 'ಬೆಂಬಲರಹಿತ ಕಾರ್ಯಾಚರಣಾ ವ್ಯವಸ್ಥೆ ಹೊಂದಿರುವ ಗಣಕಯಂತ್ರಗಳನ್ನು ಗುರುತಿಸಿ ಕೂಡಲೇ ಉನ್ನತೀಕರಿಸತಕ್ಕದ್ದು.' ಸಾಹೇಬರು ಎರಡು ಸಲ ಓದಿದರು. "ಕಾರ್ಯಾಚರಣೆ ಅಂದ್ರೆ ಪೊಲೀಸಿನವರದ್ದಲ್ವೇನ್ರೀ, ನಮಗ್ಯಾಕೆ ಕಳಿಸಿದಾರೆ?" ಅಂದರು. ಟೆಸ್ಟ್ ಮಾಡುವ ಮೇಡಂ, ಅದು ವಿಂಡೋಸ್ ಸಾರ್ ಅಂತ ಹೇಳಿದ ಮೇಲೆ ನನಗೆ ಫೋನ್ ಬಂತು. "ಬಂದು ಒಂಚೂರು ಹೊಸ ವಿಂಡೋಸ್ ಹಾಕಿಕೊಟ್ಟು ಹೋಗಪ್ಪ, ಅರ್ಧ ಗಂಟೆ ಕೆಲಸ."

ಅರ್ಧ ಗಂಟೆ ಕೆಲಸವೇ. ಹಾಕೋಕೆ ಅರ್ಧ ಗಂಟೆ. ಆಮೇಲೆ ಸ್ಪೆಕ್ಟ್ರೋ ಬರೀ ಬೆಳಕು ಬಿಡುವ ಡಬ್ಬಿ ಆಗುತ್ತದೆ, ಅಷ್ಟೇ. ಮೆಷಿನ್ನಿನ ವೈರು ಬಂದು ಸೇರುವುದು ಕಂಪ್ಯೂಟರ್ ಒಳಗಿನ ಒಂದು ಕಾರ್ಡಿಗೆ. ಆ ಕಾರ್ಡಿನ ಡ್ರೈವರ್, ಅಂದರೆ ಕಾರ್ಡಿನ ಜೊತೆ ಮಾತಾಡೋಕೆ ವಿಂಡೋಸ್‌ಗೆ ಬೇಕಾದ ಸಾಫ್ಟ್‌ವೇರ್, 32 ಬಿಟ್ ಎಕ್ಸ್‌ಪಿಗೆ ಅಂತ ಬರೆದದ್ದು, ಈಗಿನ 64 ಬಿಟ್ ವಿಂಡೋಸ್ ಅದನ್ನು ಹೊಸ್ತಿಲು ದಾಟೋಕೂ ಬಿಡಲ್ಲ. ಹೊಸ ಡ್ರೈವರ್ ಬರೆಯಬೇಕಾದ ಕಂಪನಿಗೆ ಫೋನ್ ಮಾಡಿದರೆ, ಆ ಮಾಡೆಲ್ ನಿಲ್ಲಿಸಿದ್ದೀವಿ ಸಾರ್, ಹೊಸ ಮೆಷಿನ್ ತಗೊಳ್ಳಿ, ಕೊಟೇಶನ್ ಕಳಿಸ್ಲಾ ಅನ್ನುತ್ತಾರೆ. ಕಳಿಸಿಯೂ ಬಿಡುತ್ತಾರೆ. ಬೆಲೆ ನೋಡಿದರೆ ಇನ್ನೊಂದು ಬೋರ್‌ವೆಲ್ ಕೊರೆಸುವುದೇ ವಾಸಿ ಅನಿಸುತ್ತದೆ. ಹಾಗೂ ಹೀಗೂ ಬದಲಾಯಿಸಿದಿರಿ ಅಂತಲೇ ಇಟ್ಟುಕೊಳ್ಳಿ. ಐಎಸ್ಒ 17025 ಅಂತ ಲ್ಯಾಬುಗಳ ಶಾಸ್ತ್ರವೊಂದಿದೆ. ಅದರ ಪ್ರಕಾರ ಸಾಫ್ಟ್‌ವೇರ್ ಬದಲಾದರೆ ಬರುವ ಉತ್ತರ ಸರಿಯಿದೆ ಅಂತ ಮತ್ತೆ ಪರೀಕ್ಷೆ ಮಾಡಿ, ದಾಖಲೆ ಇಟ್ಟು, ಆಮೇಲೆ ಬಳಸಬೇಕು. ಮೆಷಿನ್ ಚೆನ್ನಾಗಿದೆ, ಲ್ಯಾಂಪ್ ಚೆನ್ನಾಗಿದೆ, ಉತ್ತರ ಸರಿಯಾಗಿ ಬರುತ್ತಿದೆ. ಒಂದು ವಿಂಡೋಸ್‌ಗೋಸ್ಕರ ಇಷ್ಟನ್ನೂ ಗುಜರಿಗೆ ಹಾಕಿ ಅಂತ ಸುತ್ತೋಲೆ ಬರೆದವರಿಗೆ ಹೇಳೋದು ಸುಲಭ. ಹಳೇ ಬಾವಿಗೆ ಕಟ್ಟೆ ಕಟ್ಟಿ ಅಂತ ಯಾರೂ ಹೇಳಲಿಲ್ಲ, ಬಾವಿಯನ್ನೇ ಮುಚ್ಚಿ ಅಂತ ಬರೆದು ಕಳಿಸಿದರು.

ಬದಲಾಯಿಸೋಕೆ ಆಗಲ್ಲ, ಆದರೆ ಈ ಕಂಪ್ಯೂಟರಿಗೆ ನೆಟ್ಟೇ ಇಲ್ಲವಲ್ಲ, ಅದನ್ನೇ ಬರೆದು ಕಳಿಸಿ ಅಂತ ನಾನೇ ಹೇಳಿದೆ. ಅದೇ ತಪ್ಪಾಯಿತು. ಹಾಗೆ ಬರೆಯೋಕೂ ಒಂದು ಪೋರ್ಟಲ್ ಇತ್ತು! ಯಾವ ಕಂಪ್ಯೂಟರಿನ ಬಗ್ಗೆ ಬರೆಯುತ್ತೀರೋ ಅದೇ ಕಂಪ್ಯೂಟರಿನಿಂದ ತುಂಬಬೇಕಂತೆ, ನೆಟ್‌ನಲ್ಲಿ ಅದರ ವಿಳಾಸವಾದ ಐಪಿ ಅಡ್ರೆಸ್ ತಾನಾಗಿ ದಾಖಲಾಗುತ್ತದಂತೆ. ನಾನು ಮೇಡಂ ಮುಖ ನೋಡಿದೆ, ಮೇಡಂ ನನ್ನ ಮುಖ ನೋಡಿದರು. ಅಂದರೆ ನಮ್ಮ ತಾತನಿಗೆ ನೆಟ್ ಇಲ್ಲ ಅಂತ ದೃಢೀಕರಿಸೋಕೆ ಮೊದಲು ತಾತನಿಗೆ ನೆಟ್ ಕೊಡಬೇಕು. ಸಾಹೇಬರಿಗೆ ಇದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. "ಫಾರ್ಮ್ಯಾಟ್ ಅಂದ್ರೆ ಫಾರ್ಮ್ಯಾಟು ಕಣಪ್ಪ" ಅಂದರು.

ಅಕೌಂಟ್ಸ್ ಸೆಕ್ಷನ್ನಿನಿಂದ ಹದಿನೈದು ಮೀಟರ್ ಕೇಬಲ್ ಎಳೆದು, ಕಾಲಿಗೆ ಸಿಗದ ಹಾಗೆ ಬಾಗಿಲ ಮೇಲಿಂದ ತಂದು ಚುಚ್ಚಿದೆವು. ಇಷ್ಟು ವರ್ಷ ಹೊರಗಿನ ಗಾಳಿಯನ್ನೇ ಕುಡಿಯದ ಕಂಪ್ಯೂಟರ್ ಅದು. ಮಧ್ಯಾಹ್ನ ಪೂರ್ತಿ ಆನ್‌ಲೈನ್. ಪೋರ್ಟಲ್ ಮಾತ್ರ ತೆರೆಯಲಿಲ್ಲ. ತೆರೆಯುವುದೂ ಇಲ್ಲ. ಎಕ್ಸ್‌ಪಿಗೆ ಸಿಗುವ ಕೊನೆಯ ಇಂಟರ್ನೆಟ್ ಎಕ್ಸ್‌ಪ್ಲೋರರ್ ಅಂದರೆ 8. ಈಗಿನ ವೆಬ್‌ಸೈಟುಗಳು ಕೇಳುವ ಟಿಎಲ್ಎಸ್ 1.2 ಅನ್ನುವ ಬೀಗದ ಭಾಷೆ ಅದಕ್ಕೆ ಬರಲ್ಲ. ಅಂದರೆ ಪೋರ್ಟಲ್ ಮಾಡಿದವರು ಸುರಕ್ಷತೆ ನೋಡಿಕೊಂಡೇ ಮಾಡಿದ್ದಾರೆ, ಅದನ್ನು ಮೆಚ್ಚಬೇಕು. ಯಾರು ಬರಬೇಕು ಅಂತ ಬಾಗಿಲು ಇಟ್ಟರೋ ಅವರೇ ಒಳಗೆ ಬರದಷ್ಟು ಭದ್ರ.

ಕೊನೆಗೆ ಎದುರುಗಡೆ ಝೆರಾಕ್ಸ್ ಅಂಗಡಿಯಲ್ಲಿ ಹತ್ತು ರೂಪಾಯಿ ಕೊಟ್ಟು ಫಾರಂ ತುಂಬಿಸಿದರು. ಈಗ ದಾಖಲೆಯಲ್ಲಿ ಸ್ಪೆಕ್ಟ್ರೋ ಕಂಪ್ಯೂಟರ್ ಅಂತ ಇರುವುದು ಆ ಝೆರಾಕ್ಸ್ ಅಂಗಡಿಯದ್ದು. ಅದರಲ್ಲಿ ವಿಂಡೋಸ್ 11 ಇದೆ. ಹಾಗಾಗಿ ನಾವು ಪಾಸ್.

ಇಲ್ಲಿಗೆ ಮುಗಿಯಬೇಕಿತ್ತು. ಮುಂದಿನ ವಾರ ತಪಾಸಣೆಗೆ ಬೆಂಗಳೂರಿಂದ ಒಬ್ಬ ಹುಡುಗ ಬಂದ. ಒಳ್ಳೆ ಹುಡುಗ, ಅವನನ್ನು ಬೈಯಲ್ಲ, ಅವನಿಗೆ ಕೊಟ್ಟ ಪಟ್ಟಿಯಲ್ಲಿ ಇದ್ದದ್ದನ್ನು ಅವನು ಮಾಡಿದ. ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಪೆನ್ ಡ್ರೈವು, ಪೆನ್ ಡ್ರೈವಲ್ಲಿ ವೈರಸ್ ಹುಡುಕುವ ಟೂಲು. ಹಾಕಿದ, ಒತ್ತಿದ. ಈ ಟೂಲ್ ಓಡಲು ವಿಂಡೋಸ್ 10 ಅಥವಾ ಅದಕ್ಕಿಂತ ಹೊಸದು ಬೇಕು ಅಂತ ಬಂತು. ಅಂದರೆ ರೋಗಿಯನ್ನು ನೋಡಬೇಕಾದ ಡಾಕ್ಟರು, ಮೊದಲು ಹುಷಾರಾಗಿ ಬಾ ಆಮೇಲೆ ನೋಡ್ತೀನಿ ಅಂದ ಹಾಗೆ. ಹುಡುಗ 'ಪರಿಶೀಲಿಸಲಾಗಿದೆ' ಅಂತ ಟಿಕ್ ಹಾಕಿಕೊಂಡು, ಟೀ ಕುಡಿದು ಹೋದ.

ಸಾಯಂಕಾಲ ಮೇಡಂ ಕರೆದರು. "ನನ್ನ ಫೋಲ್ಡರೆಲ್ಲಾ ಏನೋ ಆಗಿದೆ, ಬನ್ನಿ." ಹೋಗಿ ನೋಡಿದೆ. ರಿಪೋರ್ಟ್ ಇಡುವ ಫೋಲ್ಡರುಗಳೆಲ್ಲ ಮೂಲೆಯಲ್ಲಿ ಪುಟ್ಟ ಬಾಣದ ಗುರುತು ಇಟ್ಟುಕೊಂಡು ಶಾರ್ಟ್‌ಕಟ್ ಆಗಿ ಕೂತಿದ್ದವು. ಶ್ರೀನಿವಾಸಪುರ, ಮುಳಬಾಗಿಲು, ಮಾಲೂರು, ಎಲ್ಲ ತಾಲ್ಲೂಕೂ ಒಂದೊಂದು ಕೆಬಿ. ಅವುಗಳ ಜೊತೆ 'ಗೃಹಪ್ರವೇಶ ಫೋಟೋಸ್' ಅಂತ ಇನ್ನೊಂದು ಶಾರ್ಟ್‌ಕಟ್ಟು. ಲ್ಯಾಬಿಗೂ ಗೃಹಪ್ರವೇಶಕ್ಕೂ ಏನು ಸಂಬಂಧ ಅಂತ ಯೋಚಿಸಿದರೆ, ಆ ತಪಾಸಣೆ ಪೆನ್ ಡ್ರೈವು ಇದಕ್ಕೆ ಮೊದಲು ಯಾರದೋ ಮನೆ ಹಾಲು ಉಕ್ಕಿಸಿ ಬಂದಿತ್ತು ಅನಿಸುತ್ತದೆ. ಪುಣ್ಯಕ್ಕೆ ಅಸಲಿ ಫೋಲ್ಡರುಗಳು ಅಳಿಸಿಹೋಗಿರಲಿಲ್ಲ, ಅದರಿಂದ ಬಂದ ವೈರಸ್ಸು ಬರೀ ಅಡಗಿಸಿಟ್ಟಿತ್ತು. ಹುಡುಕಿ ತೆಗೆಯೋಕೆ ರಾತ್ರಿ ಒಂಬತ್ತಾಯಿತು. ನನ್ನ ಬಿಲ್ ಅಂದೆನಲ್ಲ, ಅದು ಇದೇ.

ಇದನ್ನು ನೋಡಿ ನಗು ಬಂದರೂ, ವಿಷಯ ಏನು ಸಣ್ಣದಲ್ಲ. ಇರಾನಿನ ನಟಾಂಜ್ ಅಣು ಕೇಂದ್ರಕ್ಕೂ ಹೊರಗಿನ ನೆಟ್ ಇರಲಿಲ್ಲ. ಆದರೂ ಅದರೊಳಗೆ ನುಗ್ಗಿ, 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಅನ್ನುವ ಕಂಪ್ಯೂಟರ್ ಹುಳ ಹರಡುತ್ತಿದ್ದದ್ದು ಪೆನ್ ಡ್ರೈವಿನಿಂದ. 2017ರ ಮೇ 12ರಂದು, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನ್ನಾಕ್ರೈ ಅನ್ನುವ ಹುಳ ಬಂದಾಗ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯನ್ನು ನಡೆಸುವ 236 ಟ್ರಸ್ಟ್‌ಗಳಲ್ಲಿ ಕನಿಷ್ಠ 81ಕ್ಕೆ ಅಡ್ಡಿಯಾಯಿತು. ಎಲ್ಲರೂ ಎಕ್ಸ್‌ಪಿಯನ್ನು ಬೈದರು. ಆಮೇಲೆ ಲೆಕ್ಕ ಹಾಕಿ ನೋಡಿದರೆ ಹೆಚ್ಚಿನ ಕಡೆ ಮಲಗಿದ್ದು ವಿಂಡೋಸ್ 7. ಆಗ ಅದಕ್ಕೆ ಬೆಂಬಲ ಇತ್ತು, ವಾನ್ನಾಕ್ರೈ ನುಗ್ಗಿದ ತೂತು ಮುಚ್ಚುವ ಪ್ಯಾಚು ಎರಡು ತಿಂಗಳು ಮುಂಚೆ, ಮಾರ್ಚ್ 14ಕ್ಕೇ ಬಂದಿತ್ತು. ಅಲ್ಲೆಲ್ಲ ಹಾಕಿರಲಿಲ್ಲ, ಅಷ್ಟೇ. ತಾತನ ವಯಸ್ಸು ನೋಡೋಕೆ ಎಲ್ಲರೂ ಬರುತ್ತಾರೆ, ಮನೆ ಬಾಗಿಲಿಗೆ ಚಿಲಕ ಇದೆಯಾ ಅಂತ ಯಾರೂ ನೋಡಲ್ಲ.

ಅಂದ ಹಾಗೆ ತಾತನಿಗೆ ನಿಜವಾಗಲೂ ಒಂದು ಕಾಯಿಲೆ ಇತ್ತು, ಅದು ಯಾವ ಪಟ್ಟಿಯಲ್ಲೂ ಇರಲಿಲ್ಲ. ಮದರ್‌ಬೋರ್ಡಿನ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಅಗಲದ ಬ್ಯಾಟರಿ ಇರುತ್ತದಲ್ಲ, ಅದು ಸತ್ತಿತ್ತು. ಕರೆಂಟು ಹೋಗಿ ಬಂದಾಗಲೆಲ್ಲ ಕಂಪ್ಯೂಟರ್ ಪ್ರಕಾರ ಅದು 2003ರ ಜನವರಿ 1. ಕರೆಂಟು ಹೋಗುವುದು ನಮಗೇನು ಹೊಸದಾ? ಹಾಗಾಗಿ ಆ ಲ್ಯಾಬಿನಲ್ಲಿ ವಾರಕ್ಕೆ ಮೂರು ಸಲ ಹೊಸ ವರ್ಷ. ಮಾಲೂರು ಕಡೆಯ ಒಬ್ಬ ರೈತರು ಯಾವುದೋ ಅರ್ಜಿ ಜೊತೆ ನೀರಿನ ರಿಪೋರ್ಟ್ ಲಗತ್ತಿಸಿದ್ದರು. ಕಚೇರಿಯಿಂದ ವಾಪಸ್ ಬಂತು. ಬೋರ್‌ವೆಲ್ ಕೊರೆಸಿದ್ದು ಹೋದ ವರ್ಷ, ನೀರು ಟೆಸ್ಟ್ ಆಗಿದ್ದು 2003ರಲ್ಲಿ. "ನೀರು ಬರೋಕೆ ಮುಂಚೆನೇ ಟೆಸ್ಟ್ ಮಾಡಿದೀರಲ್ಲ ಸಾರ್, ಎಲ್ಲಿ ಬೀಳುತ್ತೆ ಅಂತ ಆಗ್ಲೇ ಹೇಳಿದ್ರೆ ಎರಡು ಬೋರು ಫೇಲ್ ಆಗ್ತಿರಲಿಲ್ಲ" ಅಂತ ಅವರು ಕೌಂಟರಿನಲ್ಲಿ ನಿಂತು ಕೇಳಿದ್ದನ್ನು ನಾನೇ ಕೇಳಿಸಿಕೊಂಡೆ. ಯಾರ ಹತ್ತಿರವೂ ಉತ್ತರ ಇರಲಿಲ್ಲ. ಬ್ಯಾಟರಿ ಬೆಲೆ ನಲವತ್ತು ರೂಪಾಯಿ. ಜೇಬಿನಿಂದಲೇ ಹಾಕಿಬಿಟ್ಟೆ, ಅದಕ್ಕೊಂದು ಬಿಲ್ ಬರೆದು ಓಡಾಡುವಷ್ಟು ಆಯಸ್ಸು ನನಗಿಲ್ಲ.

ಮಾಡಬೇಕಾದ್ದು ಏನು ಅಂತ ಒಂದು ಹಾಳೆಯಲ್ಲಿ ಬರೆದು ಸಾಹೇಬರಿಗೆ ಕೊಟ್ಟೆ. ತಾತನನ್ನು ಅಲ್ಲೇ ಬಿಡಿ, ಸುತ್ತ ಬೇಲಿ ಹಾಕಿ. ಆಫೀಸಿನ ನೆಟ್‌ವರ್ಕಿಂದ ಬೇರೆ ಮಾಡಿ, ಮಧ್ಯೆ ಒಂದು ಚಿಕ್ಕ ಲಿನಕ್ಸ್ ಡಬ್ಬಿ, ಅಂದರೆ ವಿಂಡೋಸ್ ಬದಲು ಲಿನಕ್ಸ್ ಓಡಿಸುವ ಪುಟ್ಟ ಕಂಪ್ಯೂಟರ್, ಕೂರಿಸಿ. ಅದಕ್ಕೆ ಎರಡು ನೆಟ್‌ವರ್ಕ್ ಕಿಂಡಿ, ಒಂದು ತಾತನ ಕಡೆಗೆ, ಇನ್ನೊಂದು ಆಫೀಸಿನ ಕಡೆಗೆ. ಫೈಲ್ ಹಂಚಿಕೊಳ್ಳೋಕೆ ಎಕ್ಸ್‌ಪಿಗೆ ಬರುವುದು ಎಸ್ಎಂಬಿ ಅನ್ನುವ ಭಾಷೆಯ ಮೊದಲನೇ ಆವೃತ್ತಿ ಮಾತ್ರ, ವಾನ್ನಾಕ್ರೈ ನುಗ್ಗಿದ್ದು ಅದೇ ದಾರಿಯಲ್ಲಿ. ಹಾಗಾಗಿ ಆ ಹಳೇ ಭಾಷೆ ತಾತನಿಗೂ ಡಬ್ಬಿಗೂ ಮಧ್ಯೆಯೇ ಇರಲಿ, ಆಚೆಗೆ ಬೇಡ. ರಿಪೋರ್ಟ್ ಹೊರಗೆ ಬರಬೇಕು, ಒಳಗೆ ಏನೂ ಹೋಗಬಾರದು. ಸಾಹೇಬರಿಗೆ ಅರ್ಥ ಆಗಲಿ ಅಂತ, ನಮ್ಮ ಅಂತರಗಂಗೆ ಬೆಟ್ಟದ ಕಲ್ಲು ಬಸವನ ಥರ ಸಾರ್ ಅಂದೆ. ಬಾಯಿಂದ ನೀರು ಬರುತ್ತಲೇ ಇರುತ್ತದೆ, ಅದೇ ದಾರಿಯಲ್ಲಿ ಯಾರೂ ಒಳಗೆ ನೀರು ಹುಯ್ಯೋಕೆ ಆಗಲ್ಲ, ಅಲ್ವಾ? ಹಾಗೇ ಪೆನ್ ಡ್ರೈವ್ ಚುಚ್ಚುವ ಯುಎಸ್‌ಬಿ ಕಿಂಡಿಗಳನ್ನು ಬಯಾಸ್‌ನಲ್ಲೇ, ಅಂದರೆ ವಿಂಡೋಸ್ ಏಳುವ ಮೊದಲೇ ಬರುವ ಸೆಟ್ಟಿಂಗಿನಲ್ಲೇ ಮುಚ್ಚಿ. ಕೀಬೋರ್ಡು ಮೌಸು ಹಳೇ ಗುಂಡು ಪಿನ್ನಿನವೇ ಇವೆ, ತೊಂದರೆ ಇಲ್ಲ. ಮುಖ್ಯವಾಗಿ ಹಾರ್ಡ್ ಡಿಸ್ಕಿನ ಪೂರ್ತಿ ನಕಲು ಇನ್ನೊಂದು ಡಿಸ್ಕಿಗೆ ಮಾಡಿ, ಬೀರುವಿನಲ್ಲಿ ಇಡೋಕೆ ಮುಂಚೆ ಒಂದು ಸಲ ಹಾಕಿ ಓಡುತ್ತಾ ಅಂತ ನೋಡಿ. ಈಗಿರುವ ಡಿಸ್ಕ್ ಆನ್ ಮಾಡಿದಾಗ ಟಕ್ ಟಕ್ ಅನ್ನುತ್ತಿದೆ. ವೈರಸ್ಸು ಬರುವ ತನಕ ಅದು ಕಾಯುತ್ತೆ ಅಂತ ನನಗೆ ನಂಬಿಕೆ ಇಲ್ಲ.

ಎಲ್ಲ ಸೇರಿ ಹದಿನೆಂಟು ಸಾವಿರ ಅಂತ ಎಸ್ಟಿಮೇಟ್ ಹಾಕಿದ್ದೆ.

ಸಾಹೇಬರು ಹಾಳೆಯನ್ನು ತಿರುಗಿಸಿ ನೋಡಿದರು, ಹಿಂದೆ ಇನ್ನೇನಾದರೂ ಇದೆಯಾ ಅಂತ. "ಹದಿನೆಂಟು ಸಾವಿರಕ್ಕೆ ಸೈಬರ್ ಸೆಕ್ಯೂರಿಟಿ ಬರುತ್ತೇನಪ್ಪ? ಮೇಲೆ ಕಳಿಸಿದ್ರೆ ನಗ್ತಾರೆ. ಒಂದು ಇಪ್ಪತ್ತು ಲಕ್ಷಕ್ಕಾದ್ರೂ ಇರಬೇಕು, ಆಗ ಟೆಂಡರ್ ಕರೀಬಹುದು." ನಾನು ಸುಮ್ನೆ ಎದ್ದು ಬಂದೆ. ಟೆಂಡರಿಗೆ ಸಮಿತಿ ಆಗಿದೆಯಂತೆ. ಮೊದಲ ಸಭೆಯ ನಡಾವಳಿ ಟೈಪ್ ಮಾಡಿದ್ದು ಸ್ಪೆಕ್ಟ್ರೋ ಕಂಪ್ಯೂಟರಿನಲ್ಲೇ, ಬೇರೆ ಎಲ್ಲದರಲ್ಲೂ ಕನ್ನಡ ಟೈಪ್ ಮಾಡುವ 'ನುಡಿ' ಸಾಫ್ಟ್‌ವೇರ್ ಕೈಕೊಟ್ಟಿತ್ತಂತೆ. ಪ್ರಿಂಟಿಗೆ ತಗೊಂಡು ಹೋಗಿದ್ದು ಪೆನ್ ಡ್ರೈವಿನಲ್ಲಿ.

ಹೋದ ತಿಂಗಳು ತಪಾಸಣೆಯ ಫಲಿತಾಂಶ ಬಂತು. ಪ್ರಮಾಣಪತ್ರಕ್ಕೆ ಫ್ರೇಮ್ ಹಾಕಿಸಿದ್ದಾರೆ. ಅದರ ಜೊತೆ ಪ್ರತಿ ಕಂಪ್ಯೂಟರಿಗೆ ಅಂಟಿಸೋಕೆ 'ಸೈಬರ್ ಸುರಕ್ಷಿತ' ಅಂತ ಹಸಿರು ಬಣ್ಣದ ಸ್ಟಿಕ್ಕರ್ ಕಳಿಸಿದ್ದರು. ನಮ್ಮ ಅಟೆಂಡರ್ ಅಣ್ಣ ಅದನ್ನು ಸಿಪಿಯು ಮುಂಭಾಗದಲ್ಲಿ ಎದ್ದು ಕಾಣುವ ಹಾಗೆ ಅಂಟಿಸಿದರು. ಅಲ್ಲಿ ಇದ್ದ ಜಾಗ ಅಂದರೆ ಎರಡು ಯುಎಸ್‌ಬಿ ಕಿಂಡಿ ಇರುವ ಜಾಗ ಮಾತ್ರ, ಸರಿಯಾಗಿ ಅದರ ಮೇಲೇ ಕೂತಿತು. ಮೂರು ದಿನ ಆ ಕಂಪ್ಯೂಟರಿಗೆ ಯಾರೂ ಪೆನ್ ಡ್ರೈವ್ ಹಾಕಲಿಲ್ಲ. ನಾಲ್ಕನೇ ದಿನ ಹೋಗಿ ನೋಡಿದೆ. ಸ್ಟಿಕ್ಕರ್ ಹಾಳಾಗಬಾರದು ಅಂತ ಯಾರೋ ಪಾಪ ಬ್ಲೇಡು ಹಿಡಿದು, ಕಿಂಡಿ ಇದ್ದಷ್ಟೇ ಜಾಗವನ್ನು ಅಚ್ಚುಕಟ್ಟಾಗಿ ಕತ್ತರಿಸಿ ತೆಗೆದಿದ್ದರು.