ಮೋರಿಯ ಬಾಯಿ ಎಲ್ಲಿ ತೆರೆಯುತ್ತದೆ?

ನಾನಿರುವ ಅಮೆರಿಕದ ಒರೆಗಾನ್ ರಾಜ್ಯದ ಬೆಟ್ಟಗಳಲ್ಲಿ ಮರ ಸಾಗಿಸಲು ಮಾಡಿದ ಮಣ್ಣಿನ ರಸ್ತೆಗಳು ಲೆಕ್ಕವಿಲ್ಲದಷ್ಟು. ಗುಡ್ಡ ಕುಸಿಯದಿರಲೆಂದು ಅವುಗಳಲ್ಲಿ ಕೆಲವನ್ನು ಬೇಕೆಂದೇ ಕೆಡಿಸಿಟ್ಟಿದ್ದಾರೆ: ರಸ್ತೆಯಡಿ ನೀರು ದಾಟಿಸುವ ಮೋರಿ ಕಿತ್ತು ಹಳ್ಳಕ್ಕೆ ಹಳೆಯ ಜಾಡು ಬಿಟ್ಟುಕೊಟ್ಟು, ಅಲ್ಲಲ್ಲಿ ರಸ್ತೆಗೆ ಅಡ್ಡ ಓರೆಗಾಲುವೆ ತೋಡಿ. ದುಡ್ಡು ಸುರಿದು ರಸ್ತೆ ಅಳಿಸುತ್ತಾರೆ ಎಂದರೆ ಊರಲ್ಲಿ ನಗುತ್ತಾರೆ.

ಇಲ್ಲಿನ ಎಚ್.ಜೆ. ಆಂಡ್ರ್ಯೂಸ್ ಪ್ರಾಯೋಗಿಕ ಅರಣ್ಯದಲ್ಲಿ ನಡೆದು 1975ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಸುಲಭವಾಗಿ ಜರಿಯುವ ಇಳಿಜಾರುಗಳಲ್ಲಿ, ಮರ ಬೋಳಿಸಿದ ಕಡೆ ಕುಸಿದ ಮಣ್ಣು ಕಾಡಿನದ್ದಕ್ಕಿಂತ ಮೂರು ಪಟ್ಟಿನೊಳಗೇ ಇತ್ತು. ರಸ್ತೆ ಹಾದಲ್ಲಿ ಸುಮಾರು 30 ಪಟ್ಟು! ಕುಸಿತ ಎಂದರೆ ಮರ ಕಡಿದದ್ದನ್ನಷ್ಟೇ ಬೈಯುವ ನಮಗೆ ಇದು ತಿಳಿದಿರಬೇಕು.

ಕಾಡಿನಲ್ಲಿ ಮಳೆನೀರು ತರಗೆಲೆಯಡಿ ಇಂಗಿ, ಮಣ್ಣೊಳಗೇ ಮೆಲ್ಲಗೆ ಇಳಿಯುತ್ತದೆ. ರಸ್ತೆಗೆಂದು ಬೆಟ್ಟ ಕಡಿದರೆ ಆ ಒಳನೀರು ಕಡಿದ ಬದಿಯ ಬರೆಯಲ್ಲಿ ಜಿನುಗಿ ಚರಂಡಿ ಸೇರುತ್ತದೆ, ಗಟ್ಟಿಯಾದ ರಸ್ತೆಯ ಮೇಲಿನ ನೀರೂ ಜೊತೆಗೂಡುತ್ತದೆ. ಇಡೀ ಇಳಿಜಾರಿಗೆ ಹಂಚಿಹೋಗಬೇಕಿದ್ದದ್ದು ಒಂದೇ ಮೋರಿಯಿಂದ ಧುಮ್ಮಿಕ್ಕುತ್ತದೆ. ಕೆಳಗಿರುವುದೋ, ಕಡಿದಾಗ ತಳ್ಳಿದ ಸಡಿಲ ಮಣ್ಣು. ನೀರು ತುಂಬಿ ಒಳಗೆ ಒತ್ತಡ ಏರಿದರೆ ಮಣ್ಣಿನ ಹಿಡಿತ ತಪ್ಪುತ್ತದೆ. ಮೋರಿಗೆ ಕೊಂಬೆ ಸಿಕ್ಕಿದರಂತೂ ಹಳ್ಳ ರಸ್ತೆಯನ್ನೇ ಹಿಡಿದು ಹರಿದು, ಎಂದೂ ನೀರು ಹರಿಯದ ಗುಡ್ಡದ ಮೇಲೆ ಇಳಿಯುತ್ತದೆ.

ಪಕ್ಕದ ವಾಷಿಂಗ್ಟನ್ ರಾಜ್ಯದ 2001ರ ನಿಯಮಗಳ ಪ್ರಕಾರ ಕಾಡಿನ ದೊಡ್ಡ ಮಾಲೀಕರು ಹಳೆಯ ರಸ್ತೆಗಳ ದುರಸ್ತಿಗೆ ಯೋಜನೆ ಕೊಡಬೇಕಾಯಿತು. ಹೊಳೆ ದಾಟುವ ಮೋರಿಗೆ ನೂರು ವರ್ಷಕ್ಕೊಮ್ಮೆ ಬರುವಂಥ ನೆರೆಯೇ ಅಳತೆ. ಇದರ ಹಿಂದೆ ಜನರ ಕಾಳಜಿಗಿಂತ ಹೊಳೆಯ ಸಾಲ್ಮನ್ ಮೀನನ್ನು ಉಳಿಸುವ ಒತ್ತಡವೇ ಹೆಚ್ಚು, ಇರಲಿ.

ನಮ್ಮ ಕರ್ನಾಟಕದಲ್ಲಿ 2018ರ ಆಗಸ್ಟಿನಲ್ಲಿ ಕೊಡಗಿನ ಜೋಡುಪಾಲ, ಮದೆನಾಡಿನಲ್ಲಿ ಗುಡ್ಡ ಕುಸಿಯಿತು. 2024ರ ಜುಲೈನಲ್ಲಿ ಉತ್ತರ ಕನ್ನಡದ ಶಿರೂರಿನಲ್ಲಿ. ಒಂದೊಂದರ ಕಾರಣ ಒಂದೊಂದು, ಎಲ್ಲವನ್ನೂ ಚರಂಡಿಯ ತಲೆಗೆ ಕಟ್ಟಲಾರೆ. ಆದರೆ ಕುಸಿದ ಮೇಲೆ ತಡೆಗೋಡೆ ಕಟ್ಟುವವರು ನೀರು ಎಲ್ಲಿಗೆ ಹೋಗುತ್ತದೆಂದು ಕೇಳುವುದು ಅಪರೂಪ. ಮಳೆಗಾಲಕ್ಕೆ ಮುಂಚೆ ಅಡಿಕೆ ತೋಟದ ಬಸಿಗಾಲುವೆ ಬಿಡಿಸದಿದ್ದರೆ ನಿದ್ದೆ ಬಾರದ ಮಲೆನಾಡಿನವರೂ, ಹೋಂಸ್ಟೇಗೆ ಜೆಸಿಬಿಯಲ್ಲಿ ದಾರಿ ಕಡಿಸುವಾಗ ಅದೇ ಬುದ್ಧಿಯನ್ನು ಮನೆಯಲ್ಲಿಟ್ಟು ಬರುತ್ತಾರೆ.

ಒರೆಗಾನಿನ ಅಳತೆಯನ್ನು ಹಾಗೇ ನಮ್ಮ ಘಟ್ಟಕ್ಕೆ ಒಯ್ಯಲಾಗದು. ಇಲ್ಲಿ ಚಳಿಗಾಲವಿಡೀ ಜಿಟಿಜಿಟಿ, ಅಲ್ಲಿ ಆಷಾಢದ ಜಡಿಮಳೆ. ಘಟ್ಟದಲ್ಲಿ ಮೋರಿಗಳು ಇನ್ನೂ ಹತ್ತಿರ ಹತ್ತಿರ ಇರಬೇಕು, ಬಾಯಿ ಗಟ್ಟಿ ಕಲ್ಲಿನ ಮೇಲೆ ತೆರೆಯಬೇಕು. ಖಾಸಗಿ ರಸ್ತೆಯಾದರೂ ಸರಿ, ನಕ್ಷೆಯಲ್ಲಿ ಪ್ರತಿ ಮೋರಿಯ ನೀರು ಯಾವ ಹಳ್ಳ ಸೇರುತ್ತದೆಂದು ಗುರುತಿಸದೆ ಅನುಮತಿ ಕೊಡಬಾರದು.