ಸುಮ್ನೆ ಮಲಗಿದ್ದ ಅಜ್ಜ

ಶಿಕಾಗೋದ ಶೆಡ್ ಅಕ್ವೇರಿಯಂಗೆ ಅಮ್ಮನನ್ನು ಕರೆದುಕೊಂಡು ಹೋಗಿದ್ದು 2016ರ ಬೇಸಿಗೆಯಲ್ಲಿ. ದಪ್ಪ ದಪ್ಪ ಕಂಬ, ಅಗಲದ ಮೆಟ್ಟಿಲು ನೋಡಿ ಅಮ್ಮ ಮೊದಲು ಕೇಳಿದ್ದು, "ಚಪ್ಪಲಿ ಎಲ್ಲಿ ಬಿಡೋದೋ?"

ಒಳಗೆ ಹೋಗುವಷ್ಟರಲ್ಲಿ ನಾನು ಗೈಡ್ ಆಗಿಬಿಟ್ಟಿದ್ದೆ. ಈ ಊರಿಗೆ ಸಮುದ್ರವಿಲ್ಲ, ಎದುರಿಗಿರುವ ಮಿಷಿಗನ್ ಸರೋವರದ್ದು ಸಿಹಿನೀರು, ಅದಕ್ಕೇ 1930ರಲ್ಲಿ ಬಾಗಿಲು ತೆರೆಯುವ ಹೊತ್ತಿಗೆ ಫ್ಲಾರಿಡಾದ ತುದಿಯ ಕೀ ವೆಸ್ಟ್‌ನಿಂದ 20 ಟ್ಯಾಂಕರ್ ಬೋಗಿಗಳು 8 ಸಲ ಓಡಾಡಿ ಸುಮಾರು 10 ಲಕ್ಷ ಗ್ಯಾಲನ್ ಉಪ್ಪುನೀರು ತಂದು ಸುರಿದವು ಅಂತೆಲ್ಲ ಹೇಳಿದೆ. ಅಮ್ಮನಿಗೆ ಬೆಂಗಳೂರು ನೆನಪಾಯಿತು. "ನಮ್ಮ ಬೀದಿಗೆ ಒಂದು ಟ್ಯಾಂಕರ್ ಬರೋಕೆ ಎಷ್ಟು ಸಲ ಫೋನ್ ಮಾಡ್ಬೇಕು ಗೊತ್ತಾ?" ಇದಕ್ಕೆಲ್ಲ 30 ಲಕ್ಷ ಡಾಲರ್ ಕೊಟ್ಟ ಜಾನ್ ಶೆಡ್ 1926ರಲ್ಲೇ ತೀರಿಕೊಂಡಿದ್ದ. ಪಾಪ, ಒಂದು ಮೀನನ್ನೂ ನೋಡಲಿಲ್ಲ.

ಶಾರ್ಕ್, ಡಾಲ್ಫಿನ್, ತಿಮಿಂಗಿಲ ಎಲ್ಲ ಇದ್ದವು. ಅವು ಎಲ್ಲರಿಗೂ ಇಷ್ಟ ಆಗುತ್ತವೆ, ಬಿಡಿ. ಅಮ್ಮ ನಿಂತಿದ್ದು ಮಾತ್ರ ಗ್ರ್ಯಾಂಡ್‌ಡ್ಯಾಡ್, ಅಂದರೆ ಅಜ್ಜ, ಅನ್ನೋ ಹೆಸರಿನ ಮೀನಿನ ಎದುರು. ಆಸ್ಟ್ರೇಲಿಯಾದ ಲಂಗ್‌ಫಿಶ್, ಅಂದರೆ ಶ್ವಾಸಕೋಶ ಇರುವ ಮೀನು. ನಾಲ್ಕು ಅಡಿ ಉದ್ದ, ಮಣ್ಣಿನ ಬಣ್ಣ, ದೊಡ್ಡ ದೊಡ್ಡ ಹುರುಪೆ. 1933ರಲ್ಲಿ, ಅಂದರೆ ಮೈಸೂರನ್ನು ನಾಲ್ವಡಿಯವರು ಆಳುತ್ತಿದ್ದ ಕಾಲದಲ್ಲಿ, ಸಿಡ್ನಿಯಿಂದ ಬಂದದ್ದು. ಆಗಲೇ ಬೆಳೆದ ಮೀನಂತೆ. ಬಂದು ಮಾಡಿದ್ದೇನು? ತೊಟ್ಟಿಯ ತಳದಲ್ಲಿ ಮಲಗಿದ್ದು. ಒಗೆಯೋ ಕಲ್ಲಿನ ಪಕ್ಕ ಬಿದ್ದ ಕೊರಡಿನ ಹಾಗೆ.

"ಬದುಕಿದೆಯೇನೋ ಇದು?" ಅಂದಳು ಅಮ್ಮ. ಮಕ್ಕಳು ಬಂದರು, ಗಾಜಿಗೆ ಮೂಗೊತ್ತಿದರು, ಹೋದರು. ನನಗೂ ಕಾಲು ನೋಯುತ್ತಿತ್ತು, ಆದರೆ ಅಮ್ಮ ಅಲ್ಲಾಡಲಿಲ್ಲ, ಮೀನೂ ಅಲ್ಲಾಡಲಿಲ್ಲ, ಇಬ್ಬರಲ್ಲಿ ಯಾರಿಗೆ ಮೊದಲು ಬೇಜಾರಾಗುತ್ತೆ ಅಂತ ನೋಡುತ್ತಾ ನಾನೂ ನಿಂತೆ. ಹತ್ತಿಪ್ಪತ್ತು ನಿಮಿಷವಾದ ಮೇಲೆ ಅದು ಸೋಮಾರಿಯ ಹಾಗೆ ಮೇಲೆದ್ದು, ಮೂತಿಯನ್ನು ನೀರಿನಿಂದ ಆಚೆ ಹಾಕಿ, ಒಂದು ಗುಟುಕು ಗಾಳಿ ಎಳೆದುಕೊಂಡು ಮತ್ತೆ ಅದೇ ಜಾಗಕ್ಕೆ ಇಳಿಯಿತು.

"ಕೊರಡು ಕೊನರಿತು ಕಣೋ!" ಅಮ್ಮ ನನ್ನ ತೋಳು ಹಿಡಿದು ಅಲ್ಲಾಡಿಸಿಬಿಟ್ಟಳು.

2017ರ ಫೆಬ್ರವರಿಯಲ್ಲಿ ಅದು ಹೋಯಿತು ಅಂತ ಸುದ್ದಿ ಬಂತು. ಹೆಚ್ಚುಕಡಿಮೆ 84 ವರ್ಷ ಅಲ್ಲೇ ಇತ್ತು. ಫೋನಿನಲ್ಲಿ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಮಲಗಿದಾನೆ ಅಂತ್ಲೇ ಅಂದ್ಕೊಂಡಿರ್ತಾರೆ," ಅಂದಳು ಆಮೇಲೆ. "ಗೊತ್ತಾಗೋಕೆ ಎಷ್ಟು ಹೊತ್ತಾಯ್ತಂತೆ?"