ಬ್ರಿಟನ್ನಿನ ಬಿಯರ್ ಉತ್ಸವ: ಟಿಕೆಟ್ ಮತ್ತು ‘ಬೆಚ್ಚಗಿನ ಬಿಯರ್’ ಕುರಿತು ಸ್ಪಷ್ಟನೆ

ಬ್ರಿಟನ್ನಿನ ಬಿಯರ್ ಉತ್ಸವಗಳಿಗೆ ಟಿಕೆಟ್ ಕೊಂಡು ಒಳಹೊಕ್ಕರೆ ಬೇಕಾದಷ್ಟು ಬಿಯರ್ ಉಚಿತವೆಂದೂ, ಆದರೆ ಅಲ್ಲಿ ಕೊಡುವುದೆಲ್ಲ ಬೆಚ್ಚಗಿನ, ಹಳಸಿದ ಸರಕೆಂದೂ ಹೇಳುವ ಸಂದೇಶವೊಂದು ಅಲ್ಲಿಗೆ ಓದಲು ಹೋಗುವ ನಮ್ಮವರ ನಡುವೆ ಹರಿದಾಡುತ್ತಿದೆ.

1971ರಲ್ಲಿ ಹುಟ್ಟಿದ ಗ್ರಾಹಕ ಸಂಘಟನೆ ಕ್ಯಾಮ್ರಾ ಮತ್ತದರ ಶಾಖೆಗಳು ನಡೆಸುವ ಉತ್ಸವಗಳ ಮಟ್ಟಿಗೆ ಮೊದಲ ಮಾತು ನಿಜವಲ್ಲ. ಟಿಕೆಟ್ ಸಾಮಾನ್ಯವಾಗಿ ಪ್ರವೇಶಕ್ಕೆ ಮಾತ್ರ. ಕೆಲವೆಡೆ ಬಿಯರಿಗೆ ಬದಲಾಯಿಸಿಕೊಳ್ಳುವ ಒಂದೆರಡು ಟೋಕನ್ ಸೇರಿರಬಹುದು, ಅಷ್ಟೆ. ಬಿಯರಿಗೆ ಅಳತೆಯಂತೆ ಬೇರೆ ಹಣ ಕೊಡಬೇಕು. ಪೂರ್ಣ ಪೈಂಟ್ ಎಂದರೆ 568 ಮಿಲಿಲೀಟರ್, ಅದರ ಮೂರನೇ ಒಂದು ಭಾಗ ಸುಮಾರು 189. ಹಲವು ಬಗೆ ಸವಿಯಬೇಕೆನ್ನುವವರಿಗೆ ಈ ಸಣ್ಣ ಅಳತೆಯೇ ಲೇಸು. ಗೊಂದಲದ ಮೂಲ ಬಹುಶಃ ಅಮೆರಿಕದ ಡೆನ್ವರ್ ಉತ್ಸವವಿರಬೇಕು: ಅಲ್ಲಿ ಟಿಕೆಟ್ಟಿನಲ್ಲೇ ಬಿಯರ್ ಸೇರಿರುವ ರೂಢಿಯಿದ್ದರೂ, ಒಮ್ಮೆಗೆ ಸುರಿಯುವುದು ಒಂದು ಔನ್ಸ್, ಅಂದರೆ ಸುಮಾರು 30 ಮಿಲಿಲೀಟರ್ ಮಾತ್ರ.

ಎರಡನೆಯ ಆರೋಪಕ್ಕೆ ತುಸು ವಿವರಣೆ ಬೇಕು. ಈ ಉತ್ಸವಗಳಲ್ಲಿ ಹೆಚ್ಚಾಗಿ ಸಿಗುವ, ‘ರಿಯಲ್ ಏಲ್’ ಎಂಬ ಪೀಪಾಯಿಯ ಬಿಯರ್ ಪಾಶ್ಚರೀಕರಣಗೊಂಡಿರುವುದಿಲ್ಲ, ಅಂದರೆ ಯೀಸ್ಟ್ ಸಾಯುವಂತೆ ಕಾಯಿಸಿರುವುದಿಲ್ಲ. ಉಳಿದ ಯೀಸ್ಟ್‌ನಿಂದ ಅದು ಪೀಪಾಯಿಯೊಳಗೇ ಮತ್ತೆ ಹುದುಗುತ್ತದೆ. ಅತಿ ತಂಪಿನಲ್ಲಿ ಅದರ ಪರಿಮಳ ಮಂಕಾಗುವುದರಿಂದ ಸುಮಾರು 11ರಿಂದ 13 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಕೆಂದೇ ಬಡಿಸುತ್ತಾರೆ. ಫ್ರಿಜ್‌ನಿಂದ ತೆಗೆದ ಲಾಗರ್ ಬಗೆಯ ತಣ್ಣನೆಯ ಬಿಯರ್ ಕುಡಿದು ರೂಢಿಯಾದ ನಾಲಿಗೆಗೆ ಅದು ಬೆಚ್ಚಗೆ ತೋರುವುದು ಸಹಜ. ಆದರೆ ತೆರೆದ ಪೀಪಾಯಿ ಸುಮಾರು ಮೂರು ದಿನಗಳಲ್ಲಿ ಸೊಗಸು ಕಳೆದುಕೊಳ್ಳುತ್ತದೆ ಎಂಬುದೂ ನಿಜ. ವಿನೆಗರ್‌ನಂಥ ಹುಳಿ ವಾಸನೆ ಬಂದರೆ ಸಂಕೋಚಪಡದೆ ಬಡಿಸಿದವರಿಗೇ ಹಿಂದಿರುಗಿಸಿ, ಬದಲಿ ಕೇಳಬಹುದು.